ಬೇಸ್ ರೆಕಾರ್ಡರ್ ಊದುವವರು ಮುಂಬೈ ಕಡೆ ಯಾರಾದರೂ ಇದ್ದೀರಾ?

ಮುಲುಂಡ್_ಮಂದ್ರ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ತಬಲಾ, ಹಾರ್ಮೋನಿಯಂ, ಕೊಳಲು, ಚೆಂಡೆ ಎಲ್ಲದರ ಮಾತೂ ಆಗಿದೆ. ರೆಕಾರ್ಡರ್ ಬಗ್ಗೆ ಯಾರೂ ಉಸಿರೆತ್ತಿದ್ದು ಕಾಣಲಿಲ್ಲ. ಹಾಗಾಗಿ ನಾನೇ ಶುರು ಮಾಡುತ್ತೇನೆ.

ರೆಕಾರ್ಡರ್ ಅಂದ ಕೂಡಲೇ ನಿಮಗೆ ನೆನಪಾಗುವುದು ಕಾನ್ವೆಂಟ್ ಮಕ್ಕಳ ಚೀಲದಿಂದ ಇಣುಕುವ ಕೆನೆ ಬಣ್ಣದ ಪ್ಲಾಸ್ಟಿಕ್ ಪೀಪಿ ಅಂತ ಗೊತ್ತುಂಟು. ನಮ್ಮ ಮನೆಗೂ ಅದು ಬಂದದ್ದು ಹಾಗೆಯೇ. ಮಗಳಿಗೆ ಐದನೇ ಕ್ಲಾಸಿನಲ್ಲಿ ಕಡ್ಡಾಯ ಇತ್ತು. ಎರಡು ತಿಂಗಳು ಊದಿ ಬಿಟ್ಟಳು. ಆಮೇಲೆ ಹನ್ನೆರಡು ವರ್ಷ ಕಪಾಟಿನಲ್ಲಿ ಮಲಗಿತ್ತು. ನಾನು ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಅದನ್ನು ತೊಳೆದು ಊದಲು ಕೂತೆ. ಮೂರನೇ ದಿನ ಮೇಲಿನ ಮಹಡಿಯ ಮರಾಠಿ ಅಜ್ಜಿ ಇಳಿದು ಬಂದು, ನಿಮ್ಮ ಕುಕ್ಕರ್ ಕೆಟ್ಟಿದೆಯಾ ಅಂತ ವಿಚಾರಿಸಿದರು. ತಮಾಷೆ ಮಾಡಲಿಕ್ಕೆ ಬಂದದ್ದಲ್ಲ, ನಿಜವಾಗಿ ಹೆದರಿಕೊಂಡೇ ಬಂದಿದ್ದರು.

ಅಲ್ಲಿಂದ ನಾನು ತಗ್ಗು ದನಿಯ ರೆಕಾರ್ಡರುಗಳ ಕಡೆಗೆ ಇಳಿಯುತ್ತಾ ಬಂದೆ. ಮೊದಲು ಆಲ್ಟೊ, ಮತ್ತೆ ಟೆನರ್, ಈಗ ಒಂದು ವರ್ಷದಿಂದ ಬೇಸ್. ಶಾಲೆಯ ಪೀಪಿ ಸೊಪ್ರಾನೊ, ಒಂದಡಿ ಉದ್ದ. ಟೆನರ್ ಅದಕ್ಕಿಂತ ಒಂದು ಸಪ್ತಕ ಕೆಳಗೆ. ಹಾಗೆಯೇ ಆಲ್ಟೊಗಿಂತ ಒಂದು ಸಪ್ತಕ ಕೆಳಗೆ ಬೇಸ್. ಬೇಸಿನ ಎಲ್ಲ ತೂತು ಮುಚ್ಚಿ ಊದಿದರೆ ಬರುವುದು ಹಾರ್ಮೋನಿಯಂನ ಬಿಳಿ ನಾಲ್ಕು, ಅಂದರೆ ನಮ್ಮ ನಾಲ್ಕು ಮನೆ ಶ್ರುತಿ. ಉದ್ದ ಹೆಚ್ಚು ಕಡಿಮೆ ಒಂದು ಮೀಟರ್. ಬಾಯಿ ಮೇಲೆ ಇಟ್ಟರೆ ಕೈ ಕೆಳಗೆ ಮುಟ್ಟುವುದಿಲ್ಲ, ಅದಕ್ಕೆ ತಲೆಯ ಭಾಗದಿಂದ ಬಾಗಿದ ಒಂದು ಸಪೂರ ಲೋಹದ ನಳಿಗೆ ಬಾಯಿಗೆ ಬರುತ್ತದೆ. ಕೆಳಗಿನ ತೂತಿಗೆ ಬೆರಳಿನಿಂದ ಒತ್ತಿ ಮುಚ್ಚುವ ಚಾವಿ ಉಂಟು. ಕೊರಳಿಗೆ ಪಟ್ಟಿ ಹಾಕಿ ನೇತುಹಾಕಿಕೊಳ್ಳಬೇಕು. ಮೊದಲ ದಿನ ನೋಡಿ ಹೆಂಡತಿ, "ಇದೆಂತ, ಪ್ಲಂಬಿಂಗ್ ಕೆಲಸ ಹಿಡಿದಿರಾ?" ಅಂದಳು.

ಇನ್ನು ಸುಖದ ವಿಚಾರ. ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ "ಹಾ" ಅಂತ ಉಸಿರು ಬಿಡುತ್ತೇವಲ್ಲ, ಬೇಸಿಗೆ ಬೇಕಾದ ಉಸಿರು ಅದು. ಬಿಸಿ, ಅಗಲ, ನಿಧಾನ. ಸೊಪ್ರಾನೊಗೆ ಕೊಡುವ ಹಾಗೆ ಚೂಪಾಗಿ ಕೊಟ್ಟರೆ ಸ್ವರ ಮೇಲಕ್ಕೆ ಹಾರಿ ಕೀಂಯ್ ಅನ್ನುತ್ತದೆ. ಅದಕ್ಕೆ ಗಾಳಿ ಹೆಚ್ಚು ಬೇಕು, ಒತ್ತಡ ಕಡಿಮೆ ಬೇಕು. ಇದು ನನ್ನ ತಲೆಗೆ ಹೋಗಲಿಕ್ಕೆ ಒಂದು ಮಳೆಗಾಲ ಹಿಡಿಯಿತು. ಬ್ಯಾಂಕಿನಲ್ಲಿ 34 ವರ್ಷ ಎಲ್ಲವನ್ನೂ ಒತ್ತಡದಲ್ಲೇ ಮಾಡಿದವನು ನಾನು.

ಮತ್ತೊಂದು, ಊದಿದ ಕೂಡಲೇ ಸ್ವರ ಬರುವುದಿಲ್ಲ. ಮೊದಲು ಬರೀ ಗಾಳಿಯ ಸದ್ದು, ಆಮೇಲೆ ಅದರೊಳಗಿಂದ ಸ್ವರ ಎದ್ದು ಬರುತ್ತದೆ. ಬಂದದ್ದು ಕಿವಿಗಿಂತ ಮೊದಲು ಬಲಗೈ ಹೆಬ್ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿ ಕೊಳವೆ ಸಣ್ಣಗೆ ನಡುಗುತ್ತದೆ. ಎದೆಗೆ ತಾಗಿಸಿ ಹಿಡಿದರೆ ಪಕ್ಕೆಲುಬಿಗೂ ಗೊತ್ತಾಗುತ್ತದೆ. ರಾತ್ರಿ ಹತ್ತರ ಮೇಲೆ ಊದಿದರೂ ಅಜ್ಜಿಯಿಂದ ತಕರಾರು ಬಂದಿಲ್ಲ.

ಇಷ್ಟೆಲ್ಲ ಹೇಳಲಿಕ್ಕೆ ಮನೆಯಲ್ಲಿ ಕೇಳುವವರು ಯಾರೂ ಉಳಿದಿಲ್ಲ. ಟೆನರೋ ಬೇಸೋ ಊದುವವರು ಇದ್ದರೆ ಕೈ ಎತ್ತಿ ಮಾರಾಯ್ರೆ.

ಡೊಂಬಿವಲಿ_ಸ್ಲೋ
ಭಾನುವಾರ, ರಾತ್ರಿ 9:52

ಕೈ ಎತ್ತುವ ಯೋಗ್ಯತೆ ಇಲ್ಲ, ಕಿವಿ ಎತ್ತಿದ್ದೇನೆ. ಒಂದು ಮೀಟರ್ ಪೈಪ್ ಹಿಡಿದು ಸೆಂಟ್ರಲ್ ಲೈನಿನಲ್ಲಿ ಹತ್ತಿದರೆ ಎಷ್ಟು ಜನರ ಕಣ್ಣಿಗೆ ಚುಚ್ಚಬಹುದು ಅಂತ ಲೆಕ್ಕ ಹಾಕುತ್ತಿದ್ದೇನೆ.

ಕೋಥ್ರೂಡ್_ಧಾರವಾಡಿ
ಭಾನುವಾರ, ರಾತ್ರಿ 10:20

ಕಾಕಾ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತ ಕೇಳ್ತೀನಿ. ನೀವಿರೋ ಊರು ಮುಂಬೈ. ಪನ್ನಾಲಾಲ್ ಘೋಷ್ ಅವರು 1940ರಾಗ ಅಲ್ಲಿಗೆ ಬಂದು, ಸಣ್ಣ ಕೊಳಲನ್ನ ಉದ್ದ ಮಾಡಿ ಮಂದ್ರಕ್ಕ ಇಳಿಸಿ, ಖಯಾಲ ನುಡಿಸೋ ಹಂಗ ಮಾಡಿದ್ರು. ಅವರ ಅಳಿಯ ಮತ್ತ ಶಿಷ್ಯ ದೇವೇಂದ್ರ ಮುರ್ಡೇಶ್ವರ್ ನಮ್ಮ ಕಡೆಯವರ. ಜುಹೂದಾಗ ಹರಿಪ್ರಸಾದ ಚೌರಾಸಿಯಾ ಅವರ ಗುರುಕುಲ ಅದ. ಮಂದ್ರ ಬೇಕಂದ್ರ ಮನಿ ಮುಂದ ಇಷ್ಟೆಲ್ಲ ಇರೋವಾಗ ಈ ಪ್ಲಾಸ್ಟಿಕ್ ಕೊಳವಿ ಯಾಕ್ರಿ? ಅದರಾಗ ಸ್ವರದಿಂದ ಸ್ವರಕ್ಕ ಜಾರೋ ಮೀಂಡ್ ಬರ್ತದೇನು? ನಾ ಎಂಟು ವರ್ಷದಿಂದ ಬಾನ್ಸುರಿ ಕಲೀತೀನಿ. ಮೀಂಡ್ ಇಲ್ಲದ ವಾದ್ಯ ನನಗ ಉಪ್ಪಿಲ್ಲದ ಸಾರು.

ಮುಲುಂಡ್_ಮಂದ್ರ
ಭಾನುವಾರ, ರಾತ್ರಿ 10:48

ಸಿಟ್ಟು ಎಂತದ್ದು, ಪ್ರಶ್ನೆ ಸರಿಯಾಗಿಯೇ ಉಂಟು. ಮೀಂಡ್ ಬರುವುದಿಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆರಳು ನಿಧಾನ ಜಾರಿಸಿ ಒಂದು ಸ್ವರದಿಂದ ಪಕ್ಕದ್ದಕ್ಕೆ ಹೋಗಬಹುದು, ಅಷ್ಟೇ. ಚಾವಿ ಇದ್ದಲ್ಲಿ ಅದೂ ಇಲ್ಲ.

ಆದರೆ ನನ್ನ ಕಷ್ಟ ಬೇರೆ. ನಾನು ಕೊಳಲು ಪ್ರಯತ್ನಿಸಿದ್ದೇನೆ. 58ನೇ ವಯಸ್ಸಿನಲ್ಲಿ ತುಟಿ ಹೇಳಿದ ಮಾತು ಕೇಳುವುದಿಲ್ಲ ಅಕ್ಕ. ಮೂರು ತಿಂಗಳು ಗಾಳಿ ಊದಿ ತಲೆ ತಿರುಗಿತೇ ಹೊರತು ಷಡ್ಜ ನಿಲ್ಲಲಿಲ್ಲ. ಕೊಳಲಿನಲ್ಲಿ ಗಾಳಿಯನ್ನು ತೂತಿನ ಅಂಚಿಗೆ ಗುರಿಯಿಟ್ಟು ಬಿಡುವ ಕೆಲಸ ತುಟಿಯದ್ದು. ರೆಕಾರ್ಡರಿನಲ್ಲಿ ಬಾಯಿಯ ಭಾಗದಲ್ಲಿ ಒಂದು ಬಿರಡೆ ಕೂರಿಸಿ, ಅದರ ಮೇಲೆ ಸಪೂರ ಗಾಳಿದಾರಿ ಬಿಟ್ಟಿರುತ್ತಾರೆ. ಅದೇ ಗಾಳಿಯನ್ನು ಅಂಚಿಗೆ ಮುಟ್ಟಿಸುತ್ತದೆ. ನಮ್ಮೂರ ತೇರಿನ ಸಂತೆಯಲ್ಲಿ ಸಿಗುವ ಬಿದಿರಿನ ಸೀಟಿಯದ್ದೂ ಇದೇ ಜಾತಿ. ತುಟಿಯ ಕೆಲಸ ಹೋಯಿತು, ಹಾಗಾಗಿ ತುಟಿಯ ಕಲೆಯೂ ಹೋಯಿತು. ಉಳಿದದ್ದು ಉಸಿರು, ನಾಲಗೆ, ಬೆರಳು.

ಇನ್ನೊಂದು ಮಾತು. ನಾನು ಇದರಲ್ಲಿ ರಾಗ ವಿಸ್ತಾರ ಮಾಡಲಿಕ್ಕೆ ಹೋಗುವುದಿಲ್ಲ. ಹೆಂಡತಿ ದಾಸರ ಪದ ಹೇಳುವಾಗ ಅಡಿಯಲ್ಲಿ ಕೂತು ಎರಡು ಮೂರು ಸ್ವರ ಹಿಡಿದಿರುತ್ತೇನೆ. ಅವಳದ್ದು ಐದು ಮನೆ. ಷಡ್ಜಕ್ಕೆ ಬಲಗೈ ಕಿರುಬೆರಳೊಂದು ಎತ್ತಿದರಾಯಿತು, ಸ್ವರ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಎಲ್ಲ ಮುಚ್ಚಿದಾಗ ಬರುವ ತುಂಬು ಮಾತ್ರ ಇರುವುದಿಲ್ಲ. ನಾಲ್ಕಕ್ಕೆ ಇಳಿ ಅಂತ ಕೇಳಿದೆ. "ನಿಮ್ಮ ಪೈಪಿಗೆ ಬೇಕಾಗಿ ನಾನು ಇಳಿಯಬೇಕಾ?" ಅಂದಳು. ನ್ಯಾಯವೇ.

ಕಳೆದ ಜನವರಿಯಲ್ಲಿ ಅವಳಿಗೆ ಶೀತ ಆಗಿ ಗಂಟಲು ಕೂತಿತು. ಶನಿವಾರದ ಭಜನೆ ತಪ್ಪಿಸುವ ಜಾತಿ ಅಲ್ಲ ಅವಳು. ತಂಬೂರಿ ಆ್ಯಪ್ ತಾನೇ ನಾಲ್ಕಕ್ಕೆ ಇಳಿಸಿ ಕೂತಳು. ನಾನು ಎಲ್ಲ ಬೆರಳು ಮುಚ್ಚಿ ಮೆಲ್ಲ ಊದಿದೆ. ಶುರುವಿಗೆ ತಂಬೂರಿಗೂ ನನಗೂ ಹೊಂದದೆ ವೂಂ ವೂಂ ವೂಂ ಅಂತ ಅಲೆ ಬರುತ್ತಿತ್ತು. ಉಸಿರು ಕೂದಲೆಳೆಯಷ್ಟು ಕಡಿಮೆ ಮಾಡಿದೆ. ಅಲೆ ನಿಧಾನ ಆಯಿತು, ಮತ್ತೂ ನಿಧಾನ ಆಯಿತು, ನಿಂತಿತು. ಅವಳು ಕಣ್ಣು ಬಿಟ್ಟು ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಪದ ಮುಗಿಯುವ ತನಕ ನಾನು ಬೆರಳು ಎತ್ತಲಿಲ್ಲ, ಉಸಿರಿಗೆ ಮಾತ್ರ ಕಳ್ಳನ ಹಾಗೆ ಬಿಟ್ಟು ಬಿಟ್ಟು ತೆಗೆದುಕೊಂಡೆ.

ಶೀತ ಗುಣವಾಯಿತು. ಮತ್ತೆ ಐದು ಮನೆ.

ಕೋಥ್ರೂಡ್_ಧಾರವಾಡಿ
ಭಾನುವಾರ, ರಾತ್ರಿ 11:05

ಕಾಕೂ ಕಣ್ಣು ಬಿಟ್ಟು ನೋಡಿದ್ದು ಓದಿ ನನ್ನ ಜಗಳ ಅರ್ಧ ಕಡಿಮಿ ಆತು. ಇನ್ನ ಅರ್ಧ ನಾಳಿಗೆ.

ಪೊವಾಯಿ_ಬಿರಡೆ
ಸೋಮವಾರ, ಬೆಳಿಗ್ಗೆ 7:15

ಎಂಜಿನಿಯರ್ ಬುದ್ಧಿ, ಸುಮ್ಮನಿರಕ್ಕಾಗಲ್ಲ. ಒಂದು ವಿಚಿತ್ರ ಗಮನಿಸಿ. "ಬೇಸ್" ಅಂತ ಹೆಸರಿದ್ದರೂ ಅದು ಅಂಥ ತಗ್ಗಿನ ವಾದ್ಯ ಅಲ್ಲ. ಅದರ ಅತಿ ಕೆಳಗಿನ ಸ್ವರ ಸುಮಾರು 175 ಹರ್ಟ್ಸ್. ನಾಲ್ಕು ಮನೆಯಲ್ಲಿ ಹಾಡುವ ಹೆಂಗಸಿನ ಮಧ್ಯ ಷಡ್ಜವೂ ಅದೇ. ಅಂದರೆ ಅಮ್ಮಾವ್ರು ಆ ಶನಿವಾರ ಮಂದ್ರ ಪಂಚಮಕ್ಕೆ ಇಳಿದಿದ್ದರೆ ಬೇಸ್ ವಾದ್ಯಕ್ಕಿಂತ ಕೆಳಗೆ ಹೋಗಿರ್ತಾರೆ! ಗಂಡಸರು ಮಾತಾಡುವ ದನಿಯೇ ಸಾಮಾನ್ಯವಾಗಿ ಅದಕ್ಕಿಂತ ತಗ್ಗು.

ಹಾಗಾದರೆ ಅಷ್ಟು ಆಳ ಅನ್ನಿಸೋದು ಯಾಕೆ? ರೆಕಾರ್ಡರ್ ದನಿಯಲ್ಲಿ ಬುಡದ ಸ್ವರದ ಜೊತೆ ಸಣ್ಣಗೆ ಕೇಳುವ ಮೇಲಿನ ಉಪಸ್ವರಗಳು ತುಂಬಾ ಕಡಿಮೆ. ಹಾರ್ಮೋನಿಯಂನಲ್ಲಿ ಅದೇ ಸ್ವರ ಒತ್ತಿ, ಝೇಂಕಾರದಲ್ಲಿ ಮೇಲಿನ ಸಪ್ತಕಗಳೂ ಕೇಳುತ್ತವೆ. ಬೇಸ್ ರೆಕಾರ್ಡರಿನಲ್ಲಿ ಬುಡದ ಸ್ವರ ಒಂದೇ ಹೆಚ್ಚು ಕಡಿಮೆ ಬರಿಮೈಯಲ್ಲಿ ಬರುತ್ತೆ. ಕಿವಿ ಮೋಸ ಹೋಗುತ್ತೆ. ಬರೆಯುವವರೂ ಇದಕ್ಕೆ ಸೇರಿಕೊಂಡಿದ್ದಾರೆ ಅಂತ ನನ್ನ ಗುಮಾನಿ. ಪಾಶ್ಚಾತ್ಯ ಲಿಪಿಯಲ್ಲಿ ಬೇಸ್ ರೆಕಾರ್ಡರಿನ ಪಾಠ ಬರೆಯೋದು ನಿಜವಾಗಿ ನುಡಿಯೋದಕ್ಕಿಂತ ಒಂದು ಸಪ್ತಕ ಕೆಳಗೆ.

ಕೊಳಲಿಗೆ ಹೋಲಿಸಿದರೆ ಮಾತ್ರ ಇದು ನಿಜಕ್ಕೂ ತಗ್ಗು. ಕಛೇರಿಯ ಬಿಳಿ ಮೂರು ಬಾನ್ಸುರಿಯ ಆರೂ ತೂತು ಮುಚ್ಚಿದರೆ ಸುಮಾರು 247 ಹರ್ಟ್ಸ್. ಬೇಸ್ ಅದಕ್ಕಿಂತ ಸರಿಯಾಗಿ ಅರ್ಧ ಸಪ್ತಕ ಕೆಳಗಿದೆ. ಧಾರವಾಡಿ ಮೇಡಂ ಗಮನಕ್ಕೆ.

ಉದ್ದದ ಲೆಕ್ಕವೂ ಸರಳ. ಎರಡೂ ಕಡೆ ಬಾಯಿ ಬಿಟ್ಟ ಕೊಳವೆಯೊಳಗೆ ಅಲೆಯ ಅರ್ಧ ಭಾಗ ಕೂರಬೇಕು. 175 ಹರ್ಟ್ಸ್ ಅಲೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ, ಅದರರ್ಧ 98 ಸೆಂಟಿಮೀಟರ್. ಇನ್ನೊಂದು ಸಪ್ತಕ ಕೆಳಗೆ ಬೇಕಂದರೆ ಕೊಳವೆ ಎರಡು ಪಟ್ಟು. ಅದೂ ಇದೆ, ಕಾಂಟ್ರಾಬೇಸ್ ಅಂತ. ಜರ್ಮನಿಯ ಪೆಟ್ಜೋಲ್ಡ್ ಮನೆತನದವರು ಅದನ್ನು ಪ್ಲೈವುಡ್‌ನಲ್ಲಿ, ಚೌಕಾಕಾರದ ಕೊಳವೆ ಮಡಚಿದ ಹಾಗೆ ಮಾಡಿದರು. ನೋಡಿದರೆ ಯಾರೋ ಕಪಾಟು ಅರ್ಧ ಜೋಡಿಸಿ ಎದ್ದು ಹೋದಂತಿರುತ್ತೆ.

ಮುಲುಂಡ್_ಮಂದ್ರ
ಸೋಮವಾರ, ಬೆಳಿಗ್ಗೆ 8:02

ಹೆಂಡತಿಗೆ ಓದಿ ಹೇಳಿದೆ. "ಅಂದರೆ ಬೇಸ್ ನಾನೇ" ಅಂದಳು. ಇನ್ನು ಈ ಮನೆಯಲ್ಲಿ ನನಗೆ ಬೆಲೆ ಇಲ್ಲ ಬಿರಡೆಯವರೇ.

ಚೆಂಬೂರ್_ಹೊಸಬ
ಸೋಮವಾರ, ಮಧ್ಯಾಹ್ನ 1:30

ಸರ್, ನಾನು ಆನ್‌ಲೈನಲ್ಲಿ ಒಂದು ಸೊಪ್ರಾನೊ ತರಿಸಿದೀನಿ, ತೀರಾ ಕಡಿಮೆ ಬೆಲೇದು. ಭೂಪ್ ರಾಗ ಚೆನ್ನಾಗಿ ಬರುತ್ತೆ. ಯಮನ್ ರಾಗ ಊದಿದರೆ ತೀವ್ರ ಮಧ್ಯಮ ಒಂಥರಾ ಅಳುತ್ತೆ. ನನ್ನ ತಪ್ಪಾ ಪೀಪಿ ತಪ್ಪಾ? ಮುಂದೆ ಟೆನರ್ ತಗೋಬೇಕು ಅಂತ ಆಸೆ.

ಪೊವಾಯಿ_ಬಿರಡೆ
ಸೋಮವಾರ, ಮಧ್ಯಾಹ್ನ 2:10

ಪೀಪಿ ಕೈಯಲ್ಲಿ ಹಿಡ್ಕೊಂಡು ಮುಂಭಾಗದ ತೂತು ಮೇಲಿಂದ ಎಣಿಸಿ. ನಾಲ್ಕನೇದು ದೊಡ್ಡದಾ, ಐದನೇದು ದೊಡ್ಡದಾ?

ಚೆಂಬೂರ್_ಹೊಸಬ
ಸೋಮವಾರ, ಮಧ್ಯಾಹ್ನ 2:14

ನಾಲ್ಕನೇದು ದೊಡ್ಡದು. ಐದನೇದು ಚಿಕ್ಕದು.

ಪೊವಾಯಿ_ಬಿರಡೆ
ಸೋಮವಾರ, ಮಧ್ಯಾಹ್ನ 2:31

ಹಾಗಾದರೆ ನಿಮ್ಮದು ಜರ್ಮನ್ ಬೆರಳಿನ ರೆಕಾರ್ಡರ್. ತಪ್ಪು ನಿಮ್ಮದಲ್ಲ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಜರ್ಮನಿಯ ಪೀಟರ್ ಹಾರ್ಲನ್ ಎಂಬವರು ಕಲಿಯುವವರಿಗೆ ಸುಲಭ ಆಗಲಿ ಅಂತ ಈ ಬಗೆಯನ್ನು ಬಳಕೆಗೆ ತಂದರು. ಎಲ್ಲ ಮುಚ್ಚಿದ ಸ್ವರವನ್ನು ಸ ಅಂತ ಇಟ್ಟುಕೊಂಡರೆ, ಹಳೆಯ ಬರೋಕ್ ಬಗೆಯಲ್ಲಿ ಶುದ್ಧ ಮಧ್ಯಮಕ್ಕೆ ಬಲಗೈ ನಡುಬೆರಳು ಮಾತ್ರ ಎತ್ತಿ ತೋರುಬೆರಳು, ಉಂಗುರ ಬೆರಳು, ಕಿರುಬೆರಳು ಮುಚ್ಚಬೇಕು. ಜರ್ಮನ್ನಿನಲ್ಲಿ ಅದು ನೇರವಾಗಿ ಸಿಗುತ್ತೆ, ಬರೀ ತೋರುಬೆರಳು ಸಾಕು. ಅದರ ದಂಡ ತೀವ್ರ ಮಧ್ಯಮ ಕಟ್ಟುತ್ತೆ, ಅದು ಎಂದೂ ಸರಿ ಕೂರಲ್ಲ. ಭೂಪದಲ್ಲಿ ಮಧ್ಯಮವೇ ಇಲ್ಲವಲ್ಲ, ಅದಕ್ಕೆ ನಿಮಗೆ ಗೊತ್ತಾಗಲಿಲ್ಲ.

ಟೆನರ್ ತಗೊಳ್ಳುವಾಗ ಬರೋಕ್ ಅಂತ ಕೇಳಿ ತಗೊಳ್ಳಿ.

ಮುಲುಂಡ್_ಮಂದ್ರ
ಸೋಮವಾರ, ಮಧ್ಯಾಹ್ನ 3:20

ಬರೋಕ್ ಮಧ್ಯಮದ ಬೆರಳು ಶುರುವಿಗೆ ಕೈ ಸೆಳೆತ ಬಂದವರ ಹಾಗೆ ಅನ್ನಿಸುತ್ತದೆ. ಎರಡು ವಾರ ಬೇಕು. ಆಮೇಲೆ ತರಕಾರಿ ಹೆಚ್ಚುವಾಗಲೂ ಕೈ ಅದನ್ನೇ ಹಿಡಿಯುತ್ತದೆ.

ಟೆನರಿಗೆ ಹೋಗುವ ಮೊದಲು ಅಂಗಡಿಗೆ ಹೋಗಿ ಹಿಡಿದು ನೋಡಿ. ಧೋಬಿ ತಲಾವ್ ಕಡೆ ಸಂಗೀತದ ಅಂಗಡಿಗಳು ಉಂಟಲ್ಲ. ಅಂಗೈ ಸಣ್ಣದಿದ್ದರೆ ಕೆಳಗಿನ ತೂತಿಗೆ ಚಾವಿ ಇರುವುದನ್ನೇ ತೆಗೆದುಕೊಳ್ಳಿ. ನಾನು ನನ್ನ ಬೇಸನ್ನು ಕೊರಿಯರಿನಲ್ಲಿ ತರಿಸಿ ಕೈ ಸುಟ್ಟುಕೊಂಡೆ. ಪೆಟ್ಟಿಗೆ ಬಂತು, ಒಳಗೆ ಬಾಗಿದ ನಳಿಗೆ ಚಪ್ಪಟೆಯಾಗಿತ್ತು. ಬದಲಿ ಬರಲು ಎರಡೂವರೆ ತಿಂಗಳು. ಆ ಎರಡೂವರೆ ತಿಂಗಳು ದಿನಾ ಸಂಜೆ ಅದನ್ನು ಜೋಡಿಸಿ ಮಂಚದ ಮೇಲೆ ಮಲಗಿಸಿ ನೋಡುವುದು, ಮತ್ತೆ ಬಿಚ್ಚಿಡುವುದು.

ವಾಸ್ಕೋ_ಬಂದರು
ಸೋಮವಾರ, ರಾತ್ರಿ 8:45

ಕೈ ಎತ್ತಿದೆ! ಗೋವಾದಿಂದ. ಮೂಲ ಕಾರವಾರ, 19 ವರ್ಷದಿಂದ ವಾಸ್ಕೋ. ನನ್ನದು ಮರದ ಟೆನರ್.

ಇಲ್ಲಿ ನಮ್ಮ ಪಕ್ಕದ ಮನೆಯವರು ಕ್ರಿಶ್ಚಿಯನ್ನರು, ಮೂರು ತಲೆಮಾರಿನಿಂದ ಪಿಟೀಲು. ಗೋವಾದಲ್ಲಿ ಇಗರ್ಜಿಯ ಶಾಲೆಯಲ್ಲೇ ಮಕ್ಕಳಿಗೆ ಸ್ವರಲಿಪಿ ಓದಲು ಕಲಿಸುವ ರೂಢಿ ಹಿಂದಿನಿಂದ ಇತ್ತು. ಬೊಂಬಾಯಿಯ ಸಿನೆಮಾ ಆರ್ಕೆಸ್ಟ್ರಾಗಳಲ್ಲಿ ಗೋವಾದವರೇ ತುಂಬಿದ್ದು ಅದಕ್ಕೇ. ಸೆಬಾಸ್ಟಿಯನ್ ಡಿಸೋಜ, ಆಂಥೊನಿ ಗೊನ್ಸಾಲ್ವೆಸ್ ಅಂಥವರು. ಪಕ್ಕದ ಮನೆಯ ಅಜ್ಜ ನನಗೆ ಟೆನರ್ ತೋರಿಸಿ, ನೀನು ಅಡಿಯ ಸಾಲು ಹಿಡಿ ಅಂತ ಹಾಳೆ ಕೊಟ್ಟರು.

ಗೋವಾದ ಮಾಂಡೊ ಹಾಡು ಕೇಳಿದ್ದೀರಲ್ಲ. ಎರಡು ದನಿ ಒಂದರ ಪಕ್ಕ ಒಂದು ನಡೆಯುತ್ತವೆ, ಜೊತೆಗೆ ಪಿಟೀಲು ಮತ್ತೆ ಘುಮಟ. ಘುಮಟ ಅಂದ್ರೆ ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ ಬಿಗಿದದ್ದು. ಮೊದಲು ಉಡದ ಚರ್ಮ ಹಾಕುತ್ತಿದ್ದರು. ವನ್ಯಜೀವಿ ಕಾನೂನು ಬಂದ ಮೇಲೆ ಆಡಿನ ಚರ್ಮ. 2019ರಲ್ಲಿ ಗೋವಾ ಸರ್ಕಾರ ಅದಕ್ಕೆ ಪರಂಪರೆಯ ವಾದ್ಯದ ಪಟ್ಟ ಕೊಟ್ಟಿತು. ಘುಮಟದವನು ಮಡಕೆಯ ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ದನಿ ಏರಿಸಿ ಇಳಿಸ್ತಾನೆ. ಅವನ ಮಗ್ಗುಲಿಗೆ ಕೂತು ಟೆನರಿನ ಕೆಳಗಿನ ಸ್ವರ ಹಿಡಿದರೆ ಯಾವುದು ಮಡಕೆ ಯಾವುದು ನನ್ನದು ನನಗೇ ತಿಳಿಯುವುದಿಲ್ಲ. ಇದು ಸಂಪ್ರದಾಯ ಏನಲ್ಲ ಮತ್ತೆ, ನಮ್ಮ ಅಂಗಳದ ಚಾಳಿ.

ಕೇಳುವವರಿಗೆ ನಾನಿರುವುದೇ ಗೊತ್ತಾಗಲ್ಲ. ಒಮ್ಮೆ ಜ್ವರ ಬಂದು ಹೋಗಲಿಲ್ಲ. ಮರುದಿನ ಅಜ್ಜ ಬೇಲಿಯಾಚೆಯಿಂದ, ನಿನ್ನೆ ಎಲ್ಲರೂ ಶ್ರುತಿ ಬಿಟ್ಟು ಮೇಲೆ ಹೋದರು ಅಂತ ಬೈದರು. ನನಗೆ ಜ್ವರ ಬಂದದ್ದಕ್ಕೆ ಬೈಗಳು! ಹೊಗಳಿಕೆ ಅಂತ ತಿಳಿದು ಎರಡು ಸಲ ಹೆಂಡತಿಗೆ ಹೇಳಿದೆ.

ಡೊಂಬಿವಲಿ_ಸ್ಲೋ
ಸೋಮವಾರ, ರಾತ್ರಿ 9:01

ಇದ್ದಾಗ ಗೊತ್ತಾಗಲ್ಲ, ಇಲ್ಲದಾಗ ಎಲ್ಲ ಕೆಡುತ್ತೆ. ನಮ್ಮ ಆಫೀಸಿನ ಚಹಾ ಹುಡುಗನೂ ಹೀಗೇ.

ಚೆಂಬೂರ್_ಹೊಸಬ
ಸೋಮವಾರ, ರಾತ್ರಿ 9:30

ಮರದ್ದು ಮುಂಬೈ ಗೋವಾ ಹವಾದಲ್ಲಿ ಉಳಿಯುತ್ತಾ ಸರ್?

ವಾಸ್ಕೋ_ಬಂದರು
ಸೋಮವಾರ, ರಾತ್ರಿ 10:10

ಉಳೀತದೆ, ಬೈಸಿಕೊಂಡು. ಜುಲೈನಲ್ಲಿ ಬಿರಡೆ ಉಬ್ಬುತ್ತದೆ. ಗಾಳಿದಾರಿ ಸಣ್ಣದಾಗಿ ನೆಗಡಿ ಬಂದ ಮೂಗಿನ ಹಾಗೆ ಆಗ್ತದೆ. ನಾನು ಮೊದಲ ವರ್ಷ ಚಾಕುವಿನಿಂದ ಕೆರೆಯಲು ಹೋಗಿದ್ದೆ, ಅಜ್ಜ ಕೈ ಹಿಡಿದು ಉಳಿಸಿದರು. ಬಿರಡೆಯನ್ನು ತಿಳಿದವರು ಮಾತ್ರ ಮುಟ್ಟಬೇಕು. ಮಳೆಗಾಲದಲ್ಲಿ ದಿನಕ್ಕೆ 20 ನಿಮಿಷ ಮಾತ್ರ ಊದಿ, ಒರೆಸಿ, ತೆರೆದಿಟ್ಟು ಒಣಗಿಸಿ. ಒದ್ದೆಯಲ್ಲೇ ಪೆಟ್ಟಿಗೆಗೆ ಹಾಕಿದರೆ ಬೂಷ್ಟು.

ಮುಲುಂಡ್_ಮಂದ್ರ
ಸೋಮವಾರ, ರಾತ್ರಿ 10:25

ಪ್ಲಾಸ್ಟಿಕ್ಕಿಗೆ ಉಬ್ಬುವ ಚಿಂತೆ ಇಲ್ಲ, ನೀರಿನದ್ದು ಉಂಟು. ಉಸಿರಿನ ತೇವ ಹೀರಲು ಮರ ಇಲ್ಲವಲ್ಲ, ಗಾಳಿದಾರಿಯಲ್ಲಿ ಹನಿ ಕಟ್ಟಿ ಸ್ವರ ಗೊರಗೊರ ಅನ್ನುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ನೀರಲ್ಲಿ ಕಲಸಿ ಗಾಳಿದಾರಿಗೆ ಬಿಟ್ಟು, ತೊಳೆಯದೆ ಹಾಗೇ ಒಣಗಿಸಿ. ಹನಿ ಕಟ್ಟದೆ ತೆಳ್ಳಗೆ ಹರಡಿ ಜಾರಿ ಹೋಗುತ್ತದೆ. ಎಸಿ ಇರುವ ಹಾಲಿನಲ್ಲಿ ನುಡಿಸುವುದಿದ್ದರೆ ತಲೆಯ ಭಾಗವನ್ನು ಮೊದಲು ಕಂಕುಳಲ್ಲಿ ಇಟ್ಟು ಬಿಸಿ ಮಾಡಿ. ನೋಡುವವರು ಥರ್ಮಾಮೀಟರ್ ಅಂತ ತಿಳಿದರೆ ತಿಳಿಯಲಿ.

ಪೊವಾಯಿ_ಬಿರಡೆ
ಸೋಮವಾರ, ರಾತ್ರಿ 10:40

ಎಸಿ ಮಾತು ಬಂತು ಅಂತ ಹೇಳ್ತೀನಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸ್ವರ ಸುಮಾರು 3 ಸೆಂಟ್ ಏರುತ್ತೆ. ಒಂದು ಅರ್ಧಸ್ವರಕ್ಕೆ 100 ಸೆಂಟ್. 20 ಡಿಗ್ರಿ ಹಾಲಿನಿಂದ 32 ಡಿಗ್ರಿ ಬಾಲ್ಕನಿಗೆ ಬಂದರೆ ಅರ್ಧಸ್ವರದ ಮೂರನೇ ಒಂದು ಪಾಲು ಏರಬಹುದು. ತಲೆಯ ಜೋಡಣೆ ಸ್ವಲ್ಪ ಹೊರಗೆಳೆದರೆ ಇಳಿಯುತ್ತೆ. ಇಳಿಸೋದು ಸುಲಭ, ಏರಿಸಕ್ಕೆ ಗರಗಸ ಬೇಕು.

ಕೋಥ್ರೂಡ್_ಧಾರವಾಡಿ
ಮಂಗಳವಾರ, ಬೆಳಿಗ್ಗೆ 11:00

ಉಳಿದ ಅರ್ಧ ಜಗಳ. ಕಾಕಾ, ಈ ವಾದ್ಯಕ್ಕ ತನ್ನದ ಅನ್ನೋ ಸಂಗೀತ ಐತೇನು? ಬರೀ ಅಡಿಯೊಳಗ ಕುಂತು ಒಂದ ಸ್ವರ ಹಿಡದ್ರ ತಂಬೂರಿ ಆ್ಯಪ್ ಸಾಕಲ್ರಿ. ಅದಕ್ಕ ನೆಗಡಿನೂ ಬರಂಗಿಲ್ಲ.

ಮುಲುಂಡ್_ಮಂದ್ರ
ಮಂಗಳವಾರ, ಮಧ್ಯಾಹ್ನ 12:15

ಇದೆ. 16ನೇ ಶತಮಾನದ ಯುರೋಪಿನಲ್ಲಿ ಸಣ್ಣದರಿಂದ ದೊಡ್ಡದರ ತನಕ ಒಂದೇ ಸೆಟ್ ಮಾಡಿಸಿ, ನಾಲ್ಕೈದು ಜನ ಸುತ್ತ ಕೂತು ನುಡಿಸುತ್ತಿದ್ದರು. ಅದರಲ್ಲಿ ಬೇಸಿಗೆ ಅದರದ್ದೇ ನಡಿಗೆ ಉಂಟು. ಬೇಸನ್ನೇ ಮುಂದಿಟ್ಟು ಬರೆದದ್ದು ಕಡಿಮೆ. ಜರ್ಮನ್ ಸಂಗೀತಕಾರ ಬಾಖನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಮತ್ತು ಬೇಸ್ ರೆಕಾರ್ಡರ್ ಜೋಡಿಗೆ ಹಿಮ್ಮೇಳ ಸೇರಿಸಿ ಒಂದು ಟ್ರಯೊ, ಅಂದರೆ ಮೂರು ಸಾಲಿನ ಕೃತಿ, ಬರೆದಿದ್ದಾನೆ. ಎರಡೂ ಮೆಲುದನಿಯವು, ಇಬ್ಬರು ಸಂಕೋಚದವರು ಮಾತಾಡಿದ ಹಾಗೆ.

ಆ್ಯಪಿನ ವಿಷಯ. ಆ್ಯಪ್ ಹೆಂಡತಿಯ ಕಡೆ ನೋಡುವುದಿಲ್ಲ. ಅವಳು ಸಾಲಿನ ಕೊನೆಯಲ್ಲಿ ಎಳೆಯುತ್ತಾಳೆ ಅಂತ ಗೊತ್ತಾದರೆ ನಾನು ಉಸಿರು ಉಳಿಸಿಕೊಳ್ಳುತ್ತೇನೆ. ಬೇಸ್ ತಡವಾಗಿ ದನಿ ಕೊಡುವುದರಿಂದ ಅವಳು ಬಾಯಿ ತೆರೆಯುವ ಮೊದಲೇ ನಾನು ಊದಲು ಶುರು ಮಾಡಬೇಕು, ಅಂದರೆ ಅವಳು ಯಾವಾಗ ಬಾಯಿ ತೆರೆಯುತ್ತಾಳೆ ಅಂತ ನನಗೆ ಮೊದಲೇ ಗೊತ್ತಿರಬೇಕು. ಮದುವೆಯಾಗಿ 31 ವರ್ಷ. ಈ ಒಂದು ವರ್ಷದಲ್ಲಿ ನೋಡಿದಷ್ಟು ಅವಳ ಮುಖ ನಾನು ಯಾವತ್ತೂ ನೋಡಿಲ್ಲ.

ಕೋಥ್ರೂಡ್_ಧಾರವಾಡಿ
ಮಂಗಳವಾರ, ಮಧ್ಯಾಹ್ನ 12:31

ಆತು ಬಿಡ್ರಿ. ಸೋತೆ.

ಮುಲುಂಡ್_ಮಂದ್ರ
ಬುಧವಾರ, ರಾತ್ರಿ 9:15

ಇವತ್ತಿನ ಕಥೆ ಕೇಳಿ. ಬೇಸನ್ನು ಬಿಚ್ಚಿ ಚೀಲಕ್ಕೆ ಹಾಕಿ ದಾದರಿಗೆ ಹೋಗಿದ್ದೆ. ವಾಪಸು ಬರುವಾಗ ಕಲ್ಯಾಣ್ ಸ್ಲೋನಲ್ಲಿ ಚೀಲ ಮೇಲಿಟ್ಟು ಕೂತೆ. ಮುಲುಂಡ್ ಬಂತು, ಇಳಿದೆ, ಮೆಟ್ಟಿಲು ಹತ್ತಿದೆ, ಬಲಗೈ ಹಗುರ ಅನ್ನಿಸಿತು. ಗಾಡಿ ಹೋಗಿಯಾಗಿತ್ತು.

ಅದರ ಹಿಂದೆ ಬಂದ ಗಾಡಿ ಹತ್ತಿ ಕಲ್ಯಾಣಕ್ಕೆ ಹೋದೆ. ಎದುರು ಕೂತಿದ್ದ ಮೀನಿನ ಬುಟ್ಟಿಯ ಹೆಂಗಸು ಚೀಲವನ್ನು ಸ್ಟೇಷನ್ನಿನಲ್ಲಿ ಒಪ್ಪಿಸಿ ಹೋಗಿದ್ದಳು. ಪುಣ್ಯಾತ್ಗಿತ್ತಿ, ಹೆಸರೂ ಗೊತ್ತಿಲ್ಲ. ಸ್ಟೇಷನ್ನಿನ ಸಿಬ್ಬಂದಿ ತುಂಡು ತುಂಡು ಪೈಪ್ ನೋಡಿ, ಇದು ಏನು ಅಂದರು. ಬಾಜಾ ಅಂದೆ. ಬಾರಿಸಿ ತೋರಿಸಿ ಅಂದರು. ಜೋಡಿಸಿದೆ. ಗಾಬರಿಯಲ್ಲಿ ಉಸಿರು ಎಲ್ಲಿಂದ ಬರಬೇಕು? ಮೊದಲ ಸಲ ಬರೀ ಗಾಳಿ. ಎರಡನೇ ಸಲ ಕೀಂಯ್. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣು ಮುಚ್ಚಿ, ಕನ್ನಡಕ ಒರೆಸುವವನ ಹಾಗೆ "ಹಾ" ಬಿಟ್ಟೆ. ಬಂತು. ಫೋನಿನಲ್ಲಿದ್ದವನೊಬ್ಬ ಮಾತು ನಿಲ್ಲಿಸಿ ತಿರುಗಿ ನೋಡಿದ. ಸಹಿ ಹಾಕಿಸಿ ಕೊಟ್ಟು ಕಳಿಸಿದರು.

ಪೊವಾಯಿ_ಬಿರಡೆ
ಬುಧವಾರ, ರಾತ್ರಿ 9:40

ಒಳ್ಳೆಯ ಪರಂಪರೆಯಲ್ಲೇ ಇದ್ದೀರಿ ಸರ್. 18ನೇ ಶತಮಾನ ಮುಗಿಯುವಷ್ಟರಲ್ಲಿ ಅಡ್ಡ ಕೊಳಲಿನ ಎದುರು ರೆಕಾರ್ಡರ್ ಮೂಲೆ ಸೇರಿತ್ತು. ಮತ್ತೆ ಬೆಳಕಿಗೆ ತಂದವರಲ್ಲಿ ಮುಖ್ಯರು ಇಂಗ್ಲೆಂಡಿನಲ್ಲಿದ್ದ ಆರ್ನಲ್ಡ್ ಡಾಲ್‌ಮೆಚ್. ಅವರ ಹತ್ತಿರ ಬ್ರೆಸನ್ ಎಂಬ ಕುಶಲಕರ್ಮಿ ಮಾಡಿದ ಹಳೆಯ ರೆಕಾರ್ಡರ್ ಇತ್ತು. 1919ರಲ್ಲಿ ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಲ್ಲಿ ಅವರ ಚಿಕ್ಕ ಮಗ ಕಾರ್ಲ್ ಚೀಲ ಮರೆತುಬಿಟ್ಟ. ಅದು ಹೋಯಿತು ಅಂತ ಡಾಲ್‌ಮೆಚ್ ತಾವೇ ಹೊಸದು ಮಾಡಲು ಕೂತರು. ಆ ಮಗನೇ ಮುಂದೆ ದೊಡ್ಡ ರೆಕಾರ್ಡರ್ ವಾದಕನಾದ.

ಡೊಂಬಿವಲಿ_ಸ್ಲೋ
ಬುಧವಾರ, ರಾತ್ರಿ 9:44

ವಾಟರ್ಲೂನಲ್ಲಿ ಮೀನಿನ ಹೆಂಗಸರು ಇರಲಿಲ್ಲ, ಅದಕ್ಕೆ.

ಕೋಥ್ರೂಡ್_ಧಾರವಾಡಿ
ಶುಕ್ರವಾರ, ಸಂಜೆ 6:30

ಯಾರೂ ನಗಬ್ಯಾಡ್ರಿ. ಇವತ್ತು ಲಕ್ಷ್ಮೀ ರೋಡಿಗೆ ಸೀರಿ ತರಾಕ ಹೋದಾಕಿ ಟೆನರ್ ತಗೊಂಡು ಬಂದೀನಿ. ಬಾನ್ಸುರಿ ರೂಢಿಗೆ ಕೈ ತಾನ ಬಲಕ್ಕ ಹೊರಳ್ತದ, ಇದು ನೆಟ್ಟಗ ಮುಂದ ಇಳೀತದ. ಬಾನ್ಸುರಿಯೊಳಗ ಹೆಬ್ಬೆರಳು ಬರೀ ಹಿಡಿಯಾಕ. ಇದರಾಗ ಹಿಂದ ತೂತು ಅದ, ಮ್ಯಾಲಿನ ಸಪ್ತಕಕ್ಕ ಅದನ್ನ ಉಗುರಿನಿಂದ ಚೂರ ತೆಗೀಬೇಕಂತ. ನನ್ನ ಹೆಬ್ಬೆರಳಿಗೆ ಇನ್ನೂ ತಿಳಿವಲ್ದು. ಆದ್ರ ಕೆಳಗಿನ ಸ ಮಾತ್ರ, ಏನ್ ಹೇಳ್ಲಿ, ನಮ್ಮ ಬೆಕ್ಕು ಬಂದು ತೊಡಿ ಮ್ಯಾಲೆ ಕುಂತದ.

ಮುಲುಂಡ್_ಮಂದ್ರ
ಶುಕ್ರವಾರ, ಸಂಜೆ 6:52

ಬೆಕ್ಕಿನ ಸರ್ಟಿಫಿಕೇಟಿಗೆ ಮೇಲೆ ಬೇರೆ ಇಲ್ಲ. ವಾಸ್ಕೋದವರು ಮುಂದಿನ ವಾರ ಕೆಲಸದ ಮೇಲೆ ಮುಂಬೈಗೆ ಬರುತ್ತಾರಂತೆ. ಭಾನುವಾರ ಬೆಳಿಗ್ಗೆ 11ಕ್ಕೆ ಮಾಟುಂಗದ ಫೈವ್ ಗಾರ್ಡನ್ಸ್ ಸೇರೋಣವಾ? ಧಾರವಾಡಿಯವರು ಡೆಕ್ಕನ್ ಕ್ವೀನ್ ಹಿಡಿದರೆ ಸರಿಯಾಗುತ್ತದೆ. ಹೊಸಬರು ಜರ್ಮನ್ ಪೀಪಿಯೇ ತರಲಿ, ಭೂಪ್ ನುಡಿಸುವಾ, ಯಾರ ಮಧ್ಯಮವೂ ಅಳುವುದಿಲ್ಲ. ಮೊದಲು ಸ್ಟೇಷನ್ ಹತ್ತಿರ ಇಡ್ಲಿ.

ಡೊಂಬಿವಲಿ_ಸ್ಲೋ
ಶುಕ್ರವಾರ, ಸಂಜೆ 6:55

ಇಡ್ಲಿಗೆ ನಾನು ಪಕ್ಕಾ. ಮರದಡಿ ತಂಬೂರಿ ಆ್ಯಪ್ ಹಿಡಿದು ಕೂರುತ್ತೇನೆ.

ಮುಲುಂಡ್_ಮಂದ್ರ
ಮರು ಭಾನುವಾರ, ರಾತ್ರಿ 8:30

ಎಲ್ಲರೂ ಮನೆ ಮುಟ್ಟಿದಿರಾ? ಎರಡು ಟೆನರಿನ ಕೆಳಗೆ ಬೇಸ್ ಇಟ್ಟದ್ದು ನನಗೆ ಇದೇ ಮೊದಲು. ಮೂರನೇ ಸಲ ನುಡಿಸುವಾಗ ಮಾತ್ರ ಶ್ರುತಿ ಕೂತಿತು, ಅದೂ ಕಾಲು ನಿಮಿಷ. ಆ ಹೊತ್ತಿಗೇ ಚೆಂಡು ಬಂದು ಬಿತ್ತು, ಹೋಯಿತು. ಮುಂದಿನ ಸಲ ಬೇರೆ ಮರ ನೋಡಬೇಕು.

ಯಾರದ್ದೋ ನೀಲಿ ಒರೆಸುವ ಬಟ್ಟೆ ನನ್ನ ಚೀಲದಲ್ಲಿ ಬಂದಿದೆ, ಒದ್ದೆಯಾಗಿಯೇ ಇತ್ತು. ತೊಳೆದು ಹಗ್ಗಕ್ಕೆ ಹಾಕಿದ್ದೇನೆ.

ವಾಸ್ಕೋ_ಬಂದರು
ಮರು ಭಾನುವಾರ, ರಾತ್ರಿ 8:41

ನನ್ನದು. ಇಟ್ಟಿರಿ, ಗಣಪತಿ ಹಬ್ಬದ ನಂತರ ಬರ್ತೇನೆ.